ಜಾಲಿ ಕಂಟಿಯ ಮರೆ

ಆ ಸಲ ನಾವು ಕಡಿದದ್ದು ಬಳ್ಳಾರಿ ಜಾಲಿ.

ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾ. ಹೆಸರು ಬೇಡ. ಸುಮಾರು 12 ವರ್ಷದ ಹಿಂದಿನ ಮಾತು. ಜನವರಿ ತಿಂಗಳು, 50 ವಿದ್ಯಾರ್ಥಿಗಳು, ನಮ್ಮ ಕಾಲೇಜಿನ 7 ದಿನದ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ. ನಾನು ಆ ವರ್ಷವಷ್ಟೇ ಕಾರ್ಯಕ್ರಮಾಧಿಕಾರಿ ಆಗಿದ್ದೆ. ಕಣ್ಣಿಗೆ ಕಾಣುವಂಥ ಕೆಲಸ ಏನಾದರೂ ಮಾಡಿ ಬರಬೇಕು ಎಂಬ ಹುರುಪು. ತಾಂಡಾದ ಹಿಂದೆ ಹಳ್ಳದ ದಂಡೆಗುಂಟ ಜಾಲಿ ಕಂಟಿ ಆಳೆತ್ತರ ಬೆಳೆದು ನಿಂತಿತ್ತು. ನೋಡಿದ ಕೂಡಲೇ ತೀರ್ಮಾನ ಆಗಿಹೋಯಿತು. ಇದನ್ನು ಕಡಿದು ಸ್ವಚ್ಛ ಮಾಡೋಣ. ಹಾವು ಚೇಳಿನ ಕಾಟ ತಪ್ಪುತ್ತದೆ, ಊರು ಚಂದ ಕಾಣುತ್ತದೆ.

ಎರಡೂವರೆ ದಿನ ಕಡಿದೆವು. ಹುಡುಗರ ಅಂಗೈ ತುಂಬ ಮುಳ್ಳು. ಹುಡುಗಿಯರು ದುಪಟ್ಟಾ ಕೈಗೆ ಸುತ್ತಿಕೊಂಡು ಟೊಂಗೆ ಎಳೆದು ಹಾಕಿದರು. ಮೂರನೇ ದಿನ ಮಧ್ಯಾಹ್ನ ಹಳ್ಳದ ಆಚೆ ದಂಡೆ ಕಂಡಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಫೋಟೋ ತೆಗೆಸಿಕೊಂಡೆವು. ತಾಂಡಾದ ಹೆಣ್ಣುಮಕ್ಕಳು ದೂರದಲ್ಲಿ ನಿಂತು ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಸಂಜೆ ಒಬ್ಬ ಮುದುಕಿ ನಮಗೆ ಒಂದು ಕೊಡ ಮಜ್ಜಿಗೆ ಕಳಿಸಿಕೊಟ್ಟಳು.

ನಾಲ್ಕನೇ ದಿನ ರಾತ್ರಿ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಬಿಎ ಎರಡನೇ ವರ್ಷ. ಬಸ್ಸಿನಲ್ಲಿ ಯಾವಾಗಲೂ ಹಿಂದಿನ ಸೀಟು ಹಿಡಿಯುವವನು. ನಾವು ಉಳಿದುಕೊಂಡಿದ್ದ ಶಾಲೆಯ ಕಟ್ಟೆ ಮೇಲೆ ನಾನು ಮರುದಿನದ ಅಡುಗೆ ಲೆಕ್ಕ ಬರೆಯುತ್ತಿದ್ದೆ. ಅವನು ಅಂಗಿಯ ಮೇಲಿನ ಎನ್ನೆಸ್ಸೆಸ್ ಬ್ಯಾಡ್ಜನ್ನು ತಿರುಗಿಸುತ್ತ ನಿಂತ. ಬಹಳ ಹೊತ್ತು ಮಾತಾಡಲಿಲ್ಲ.

“ಮೇಡಂ, ಆ ಕಂಟಿ ಇದ್ದದ್ದು ಹೆಣ್ಣಮಕ್ಕಳ ಮರೆಗೆ ರೀ. ಈಗ ಅವರು ತಂಬಿಗಿ ತಗೊಂಡು ರಸ್ತೆ ದಾಟಿ ಹೋಗಾಕತ್ತಾರ. ಬೆಳಗಾಗೋದರಾಗ ಎದ್ದು.”

“ನಿನಗ ಹೆಂಗ ಗೊತ್ತಾತು?”

“ಮೊದಲನೇ ದಿನಾನ ಗೊತ್ತಿತ್ತು ರೀ. ನಂದೂ ತಾಂಡಾನ.”

ನಾನು ಪೆನ್ನು ಕೆಳಗಿಟ್ಟೆ. ಆ ತಾಂಡಾದಲ್ಲಿ ಕೆಲವು ಮನೆಗಳಿಗೆ ಶೌಚಾಲಯ ಕಟ್ಟಿದ್ದರು. ನೀರು ಇರಲಿಲ್ಲ. ಹಾಗಾಗಿ ಅವುಗಳಲ್ಲಿ ಸೌದೆ, ಕುಳ್ಳು ತುಂಬಿದ್ದರು. ಅದನ್ನು ನಾನು ಮೊದಲನೇ ದಿನವೇ ನೋಡಿದ್ದೆ. ನೋಡಿಯೂ, ಹಾಗಾದರೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ನಾನೂ ಹೆಂಗಸು. ನಮ್ಮ ಹುಡುಗಿಯರಿಗೆ, ನನಗೆ ಶಾಲೆಯ ಬಚ್ಚಲು ಇತ್ತು. ಅಷ್ಟಕ್ಕೇ ನನ್ನ ಯೋಚನೆ ನಿಂತುಹೋಗಿತ್ತು.

“ಮೊದಲೇ ಯಾಕ ಹೇಳಲಿಲ್ಲಪಾ?” ಎಂದೆ.

“ನಾ ಲಂಬಾಣಿ ಅಂತ ಕಾಲೇಜಿನಾಗ ಯಾರಿಗೂ ಗೊತ್ತಿಲ್ಲ ರೀ.”

ಕಂಟಿ ಕಡಿದದ್ದಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಕಾಡಿದೆ. ಎರಡು ವರ್ಷ ಅವನು ನನ್ನ ತರಗತಿಯಲ್ಲಿ ಕೂತಿದ್ದ. ಪ್ರವೇಶದ ಅರ್ಜಿಯಲ್ಲಿ ಮಾತೃಭಾಷೆ ಎಂಬಲ್ಲಿ ‘ಕನ್ನಡ’ ಎಂದು ಬರೆದಿದ್ದ. ಆ ತಾಂಡಾದ ಬಗ್ಗೆ ನಮಗೆ ಬೇಕಾದ ತಿಳಿವಳಿಕೆ ಎಲ್ಲ ನಮ್ಮದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದಿತ್ತು. ಅದು ಬಾಯಿ ಬಿಡದ ಹಾಗೆ ಮಾಡಿದ್ದು ನಾವು.

ಅವನು ಹಾಕಿಕೊಂಡಿದ್ದ ಆ ಬ್ಯಾಡ್ಜಿನಲ್ಲಿ ಕೋನಾರ್ಕದ ಸೂರ್ಯ ದೇವಾಲಯದ ಚಕ್ರ ಇದೆ. ಅದರ 8 ಅರಗಳು ದಿನದ 24 ತಾಸನ್ನು ತೋರಿಸುತ್ತವೆ. ಯಾವ ಹೊತ್ತಿಗೂ ಸೇವೆಗೆ ತಯಾರು ಎಂದು ಅರ್ಥ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳಿಂದ ಎನ್ನೆಸ್ಸೆಸ್ ಶುರುವಾಯಿತು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಬಳ್ಳಾರಿಯಿಂದ ಲೋಕಸಭೆಗೆ ಗೆದ್ದಿದ್ದವರು. ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು, ಜೊತೆಗೆ 7 ದಿನದ ವಿಶೇಷ ಶಿಬಿರ. ‘ನನಗಲ್ಲ, ನಿನಗೆ’ ಎನ್ನುವುದು ಧ್ಯೇಯವಾಕ್ಯ. ಈ ಮಾತನ್ನು ನಾವು ಪ್ರತಿ ಶಿಬಿರದಲ್ಲೂ ಗಟ್ಟಿಯಾಗಿ ಹೇಳುತ್ತೇವೆ. ಆ ರಾತ್ರಿ ನನಗೆ ಮೊದಲ ಸಲ ಅನಿಸಿದ್ದು, ‘ನಿನಗೆ’ ಎನ್ನುವಾಗ ಆ ‘ನೀನು’ ಯಾರು ಅಂತ ಗೊತ್ತಿರಬೇಕಲ್ವಾ?

ನಾವು ಹಳ್ಳಿಗಳನ್ನು ‘ದತ್ತು’ ತೆಗೆದುಕೊಳ್ಳುತ್ತೇವೆ. ಎನ್ನೆಸ್ಸೆಸ್ಸಿನಲ್ಲಿ ದತ್ತು ಗ್ರಾಮ ಇದೆ. ಕೇಂದ್ರದ ಉನ್ನತ ಭಾರತ ಅಭಿಯಾನದಲ್ಲಿ ಸೇರಿದ ಕಾಲೇಜು 5 ಹಳ್ಳಿಗಳನ್ನು ಆರಿಸಿಕೊಳ್ಳಬೇಕು. ಯೋಜನೆಗಳ ಉದ್ದೇಶ ಒಳ್ಳೆಯದು. ಆದರೆ ಈ ಪದ ನನಗೆ ಈಗ ನುಂಗಲಾಗುವುದಿಲ್ಲ. ದತ್ತು ತೆಗೆದುಕೊಳ್ಳುವುದು ಕೂಸನ್ನು. ತಾಂಡಾ ನಮ್ಮ ಕಾಲೇಜಿಗಿಂತ ಎಷ್ಟೋ ಹಳೆಯದು. ಅದಕ್ಕೆ ನಾಯಕ ಇದ್ದಾನೆ, ಕಾರಭಾರಿ ಇದ್ದಾನೆ, ತನ್ನದೇ ನ್ಯಾಯ ಪಂಚಾಯಿತಿ ಇದೆ. ಶ್ರಾವಣದಲ್ಲಿ ತೀಜ್ ಬಂದರೆ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸುತ್ತಾರೆ. ತಾಂಡಾದವರು ತಮ್ಮನ್ನು ಗೋರ್ ಎನ್ನುತ್ತಾರೆ. ನಮ್ಮಂಥ ಹೊರಗಿನವರಿಗೆ ಕೋರ್ ಎನ್ನುತ್ತಾರೆ. ಅವರಿಗೆ ನಾವು ಹೆಸರಿಟ್ಟಿದ್ದೇವೆ ಎಂದು ಗೊತ್ತಿತ್ತು. ನಮಗೂ ಅವರಲ್ಲಿ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಆ ಹುಡುಗನಿಂದ.

ಮರುದಿನ ಬೆಳಗ್ಗೆ ಇಬ್ಬರೂ ಮಜ್ಜಿಗೆ ಕಳಿಸಿದ ಮುದುಕಿಯ ಮನೆಗೆ ಹೋದೆವು. ಅವನು ‘ಯಾಡಿ’ (ಅವ್ವ) ಎಂದು ಕರೆದು ತನ್ನ ಭಾಷೆಯಲ್ಲಿ ಮಾತಾಡಿದ. ಆಕೆ ಮೊದಲು ಅವನ ಮುಖ ನೋಡಿದಳು, ಆಮೇಲೆ ಬ್ಯಾಡ್ಜ್ ನೋಡಿದಳು, ಆಮೇಲೆ ಅವನ ಗಲ್ಲ ಹಿಡಿದು ಯಾವ ತಾಂಡಾ, ಯಾರ ಮಗ ಎಂದೆಲ್ಲ ಕೇಳಿದಳು. ನಾನು ಪಕ್ಕದಲ್ಲಿ ಮೂಕಿಯ ಹಾಗೆ ನಿಂತಿದ್ದೆ. ಒಂದು ಶಬ್ದವೂ ತಿಳಿಯಲಿಲ್ಲ. 20 ವರ್ಷ ಪಾಠ ಮಾಡಿದವಳಿಗೆ ಹಾಗೆ ನಿಲ್ಲುವ ಪ್ರಸಂಗ ಅದುವರೆಗೆ ಬಂದೇ ಇರಲಿಲ್ಲ.

ನಾನು ಕನ್ನಡದಲ್ಲಿ ತಪ್ಪಾಯಿತು ಎಂದೆ. ಆಕೆಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. “ನೀವು ಕಲಿತ ಮಂದಿ, ಏನೋ ವಿಚಾರ ಮಾಡಿ ಕಡದಿರಬೇಕು ಅಂತ ಸುಮ್ನಾದ್ವಿ ಅಕ್ಕಾರ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದಳು. ಉಳಿದ ಎರಡು ದಿನ ನಾವು ಕಡಿದ ಟೊಂಗೆಗಳನ್ನೇ ಒಟ್ಟಿ, ಗೂಟ ನೆಟ್ಟು, ಹಳೆ ಚಾಪೆ ಕಟ್ಟಿ ಒಂದು ಬೇಲಿ ಮಾಡಿಕೊಟ್ಟೆವು. ಅದು ಎಷ್ಟು ದಿನ ನಿಂತಿತೋ.

ಆ ಹುಡುಗನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನು ಮನೆಯಲ್ಲಿ ಗೋರಬೋಲಿ, ಅಂದರೆ ಲಂಬಾಣಿ ಭಾಷೆ ಮಾತಾಡುತ್ತಾನೆ. ಅದಕ್ಕೆ ತನ್ನದೇ ಲಿಪಿ ಇಲ್ಲ. ಶಾಲೆಯಲ್ಲಿ ಕನ್ನಡ. ಚಿಕ್ಕವನಿದ್ದಾಗ ಅಪ್ಪ ಅವ್ವನ ಜೊತೆ ಗುಳೆ ಹೋಗಿ ಮಹಾರಾಷ್ಟ್ರದ ಕಬ್ಬಿನ ಗದ್ದೆಯಲ್ಲಿ ಇದ್ದ, ಅಲ್ಲಿ ಮರಾಠಿ ಕಲಿತ. ರಜೆಯಲ್ಲಿ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿ ಹಿಂದಿ ಕಲಿತ. ವಿಜಯಪುರದ ಬಾಡಿಗೆ ಕೋಣೆಯ ಪಕ್ಕದ ಮನೆಯಿಂದ ದಖನಿ ಉರ್ದು. ಇಷ್ಟು ಭಾಷೆಗಳ ನಡುವೆ, ಇಷ್ಟು ತರಹದ ಮಾಲೀಕರು, ಮೇಸ್ತ್ರಿಗಳು, ಮನೆಯವರ ನಡುವೆ ಹೆಂಗೆ ನಡೆದುಕೊಳ್ಳಬೇಕು ಎಂದು ಅವನಿಗೆ ಗೊತ್ತು. ಇಂಗ್ಲಿಷಿನಲ್ಲಿ ಮಾತ್ರ ಅವನು ಫೇಲು. ನಮ್ಮ ಸ್ಟಾಫ್ ರೂಮಿನಲ್ಲಿ ಅವನು ‘ವೀಕ್ ಸ್ಟೂಡೆಂಟ್’.

ಬೇರೆ ಸಂಸ್ಕೃತಿಯವರ ಜೊತೆ ಬಾಳುವ ಕೌಶಲ ಎಂದು ಈಗ ವಿಶ್ವವಿದ್ಯಾಲಯಗಳಲ್ಲಿ ತುಂಬ ಮಾತು ನಡೆಯುತ್ತದೆ. ಬಹಳ ಸಲ ಅದು ವಿದೇಶಕ್ಕೆ ಹೋಗುವ ಮಕ್ಕಳ ವಿಷಯ ಎನ್ನುವಂತೆ ಇರುತ್ತದೆ. ಈ ಕುರಿತು ಕೆಲಸ ಮಾಡಿದ ಅಮೆರಿಕದ ಡಾರ್ಲಾ ಡಿಯರ್ಡಾರ್ಫ್ 2006ರಲ್ಲಿ ಒಂದು ಮಾದರಿ ಕೊಟ್ಟರು. ಅದರ ಬುಡದಲ್ಲಿ ಅವರು ಇಟ್ಟದ್ದು ಗೌರವ, ತೆರೆದ ಮನಸ್ಸು, ಕುತೂಹಲ. ಭಾಷೆ, ಮಾಹಿತಿ ಎಲ್ಲ ಆಮೇಲೆ. ಇದನ್ನು ಓದಿದಾಗ ನನಗೆ ನೆನಪಾದದ್ದು ವಿಮಾನ ನಿಲ್ದಾಣ ಅಲ್ಲ, ಗೋವಾಕ್ಕೆ ಹೋಗುವ ರಾತ್ರಿ ಬಸ್ಸು. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು. ಆ ಬಸ್ಸಿನಲ್ಲಿ ಇರುವವರು ವರ್ಷ ವರ್ಷ ಮತ್ತೊಂದು ನೆಲದ ರೀತಿ ಕಲಿಯುತ್ತಾರೆ. ಅವರಿಗೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ.

‘ಸೇವೆಯ ಮೂಲಕ ಕಲಿಕೆ’ ಎನ್ನುವ ವಿಚಾರದ ಮೂಲದಲ್ಲಿ ರಾಬರ್ಟ್ ಸಿಗ್ಮನ್ ಎಂಬ ಇನ್ನೊಬ್ಬರು ಇದ್ದಾರೆ. 1979ರಲ್ಲಿ ಅವರು ಮೂರು ಸೂತ್ರ ಬರೆದರು. ಮೊದಲನೆಯದೇ ನನ್ನನ್ನು ಹಿಡಿದು ನಿಲ್ಲಿಸಿತು: ಯಾರಿಗೆ ಸೇವೆ ಸಲ್ಲುತ್ತದೋ ಆ ಸೇವೆ ಅವರ ಹಿಡಿತದಲ್ಲಿ ಇರಬೇಕು. ಅಂದರೆ ಏನು ಕಡಿಯಬೇಕು ಎಂದು ಹೇಳುವವಳು ಆ ಮುದುಕಿ. ಸಲಿಕೆ, ಕೊಡಲಿ ನಮ್ಮವು, ಮಾತು ಅವಳದು. ಇದು ನನಗೆ ಪುಸ್ತಕದಲ್ಲಿ ಸಿಗುವುದಕ್ಕಿಂತ ಮೊದಲೇ ಹಳ್ಳದ ದಂಡೆಯಲ್ಲಿ ಸಿಕ್ಕಿತ್ತು.

ಮುಂದಿನ ವರ್ಷದಿಂದ ಶಿಬಿರ ನಡೆಸುವ ರೀತಿ ಬದಲಾಯಿಸಿದೆ. ಮೊದಲನೇ ದಿನ ಸಲಿಕೆ, ಪುಟ್ಟಿ, ಪಿಕಾಸಿ ಯಾವುದೂ ಬಸ್ಸಿನಿಂದ ಇಳಿಯುವುದಿಲ್ಲ. ಹುಡುಗರು ಮನೆ ಮನೆಗೆ ಹೋಗಿ ಕೂರುತ್ತಾರೆ. ಸರ್ವೆ ಫಾರ್ಮ್ ಹಿಡಿದುಕೊಂಡು ಹೋಗುವುದೂ ಬೇಡ. ಫಾರ್ಮ್ ಕಂಡರೆ ಜನ ರೇಷನ್ ಕಾರ್ಡು, ಮನೆ ಮಂಜೂರಾತಿ ಎಂದುಕೊಳ್ಳುತ್ತಾರೆ, ಅವರ ಮಾತೇ ಬೇರೆ ಆಗುತ್ತದೆ. ಶಿಬಿರಕ್ಕೆ ಮೊದಲು ಕಾಲೇಜಿನಲ್ಲೇ ಒಂದು ಸಂಜೆ ನಾವೆಲ್ಲ ಕೂತು ಮನೆಯಲ್ಲಿ ಯಾರು ಏನು ಮಾತಾಡುತ್ತಾರೆ ಎಂದು ಹೇಳಿಕೊಳ್ಳುತ್ತೇವೆ. ಮೊದಲ ಸಲ ಹೀಗೆ ಕೇಳಿದಾಗ ತುಂಬ ಹೊತ್ತು ಎಲ್ಲರೂ ‘ಕನ್ನಡ, ಕನ್ನಡ’ ಎಂದೇ ಹೇಳಿದರು. ಆಮೇಲೆ ಒಬ್ಬಳು ಮೆಲ್ಲಗೆ “ಮನ್ಯಾಗ ತೆಲಗ ರೀ” ಎಂದಳು. ಅವಳ ಹಿಂದೆ ಉರ್ದು ಬಂತು, ಮರಾಠಿ ಬಂತು, ಮಾರವಾಡಿ ಬಂತು. ಕೊನೆಗೆ ಮೂವರು ಲಂಬಾಣಿ ಎಂದರು. ಹಿಂದಿನ ಸೀಟಿನ ಹುಡುಗ ಆಗ ಕೊನೆಯ ವರ್ಷದಲ್ಲಿದ್ದ. ಮೊದಲು ಕೈ ಎತ್ತಿದ್ದು ಅವನೇ.

ರಾತ್ರಿ ಊಟ ಆದಮೇಲೆ ನೋಟುಬುಕ್ಕಿನಲ್ಲಿ ಒಂದು ಪುಟ ಬರೆಯಬೇಕು. ಪ್ರಶ್ನೆ ಒಂದೇ: ಇವತ್ತು ಈ ಊರಿನವರು ನಿನಗೆ ಏನು ಕಲಿಸಿದರು? ನೀನು ಏನು ಮಾಡಿದೆ ಎಂದು ಬರೆಯುವ ಹಾಗಿಲ್ಲ. ಹುಡುಗರಿಗೆ ಇದು ಭಾಳ ಕಷ್ಟ. ಮೊದಲ ಎರಡು ದಿನ ‘ಜನ ತುಂಬ ಒಳ್ಳೆಯವರು’ ಎಂದೇ ಬರೆಯುತ್ತಾರೆ.

ಆ ಪುಟಗಳಲ್ಲಿ ಒಂದನ್ನು ನಾನು ಮರೆಯಲಾರೆ. ಶಿಸ್ತಿನ, ಓದಿನಲ್ಲಿ ಮುಂದಿದ್ದ ಒಬ್ಬ ಹುಡುಗಿ. ಇನ್ನೊಂದು ಊರಿನ ಶಿಬಿರ. ಒಂದು ಓಣಿಯ ಮನೆಯಲ್ಲಿ ಅವಳಿಗೆ ನೀರು ಕೊಟ್ಟರು. ಅವಳು “ಒಲ್ಲೆ, ಈಗ ಕುಡದೀನಿ” ಎಂದಳು. ಕುಡಿದಿರಲಿಲ್ಲ. ಮನೆಯಿಂದ ಬಂದ ಅಭ್ಯಾಸ. ಆ ರಾತ್ರಿ ಅವಳು ಬರೆದದ್ದು ಹೀಗೆ: ‘ನಾನು ಸುಳ್ಳು ಹೇಳಿದೆ ಎಂದು ಆ ಅವ್ವಗೆ ಗೊತ್ತಾಯಿತು. ಆಕೆ ಚೊಂಬು ಒಳಗೆ ಒಯ್ದಳು. ಏನೂ ಅನ್ನಲಿಲ್ಲ. ಈ ಮೊದಲೂ ಎಷ್ಟೋ ಜನ ಹೀಗೆ ಒಲ್ಲೆ ಅಂದಿದ್ದಾರೆ ಎಂದು ಆಕೆ ಒಯ್ದ ರೀತಿಯಿಂದ ತಿಳಿಯಿತು.’ ಮೂರನೇ ದಿನ ಅವಳು ಒಬ್ಬಳೇ ಆ ಮನೆಗೆ ಹೋಗಿ ನೀರು ಕೇಳಿ ಕುಡಿದು ಬಂದಳು. ಯಾರೂ ಕಳಿಸಿರಲಿಲ್ಲ.

ನಾವು ಸಂಸ್ಕೃತಿ, ವೈವಿಧ್ಯ ಎಂದು ಮೆತ್ತಗೆ ಮಾತಾಡುತ್ತೇವೆ. ನಮ್ಮ ಕಡೆ ಅದರ ಬುಡ ಅಗೆದರೆ ಸಿಗುವುದು ಜಾತಿ. ಅದನ್ನು ಮುಟ್ಟದೆ ಹೋದರೆ ಶಿಬಿರದ ಕೊನೆಯ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಕುಣಿಯುವುದಷ್ಟೇ ಉಳಿಯುತ್ತದೆ. ಫೇಟಿಯಾ, ಕಾಂಚಳಿ (ಲಂಬಾಣಿ ಲಂಗ, ರವಿಕೆ) ಬಾಡಿಗೆಗೆ ತಂದು ಲಂಬಾಣಿ ನೃತ್ಯ ಮಾಡುವ ಹುಡುಗಿಯರಿಗೆ ಪಕ್ಕದ ಬೆಂಚಿನವಳು ಲಂಬಾಣಿ ಎಂದು ಗೊತ್ತಿರುವುದಿಲ್ಲ. ಆ ಪಕ್ಕದವಳೂ ಸುಮ್ನೆ ಕೂತು ಚಪ್ಪಾಳೆ ತಟ್ಟುತ್ತಾಳೆ. ನಾನು ಇದನ್ನು ನೋಡಿದ್ದೇನೆ. ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಒಂದು ವರ್ಷ ಅಂತರ ಕಾಲೇಜು ಶಿಬಿರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿಗೆ ಹೋಗಿದ್ದೆವು. ವಿಜಯಪುರ, ಬಾಗಲಕೋಟೆ ಕಡೆಯ ಬಿಸಿಲಿನ ಮಕ್ಕಳಿಗೆ ಅಲ್ಲಿಯ ಕಾಡು, ಕೆಂಪು ಮಣ್ಣು, ಮೂರು ಹೊತ್ತು ಅನ್ನ ಎಲ್ಲ ಹೊಸದು. ಎರಡನೇ ದಿನಕ್ಕೇ “ರೊಟ್ಟಿ ಇಲ್ಲೇನ್ರಿ ಮೇಡಂ” ಎಂದು ಶುರು ಮಾಡಿದರು. ಊರು ಪೂರ್ತಿ ಮರಾಠಿ. ಹೊರಡುವಾಗ ಕೆಲವು ಮಕ್ಕಳ ಮನೆಯಿಂದ ಫೋನು ಬಂದಿತ್ತು. ಪೇಪರಿನಲ್ಲಿ ಗಡಿ ಜಗಳದ ಸುದ್ದಿ ಓದಿದವರು. “ಹುಷಾರಾಗಿರ್ರಿ, ಕನ್ನಡ ಮಾತಾಡಿದ್ರ ಏನಾರ ಅಂತಾರ” ಎಂಬ ಕಾಳಜಿ.

ದಾರಿಯಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಬಸ್ಸು ನಿಲ್ಲಿಸಿ ಕಾಂಗ್ರೆಸ್ ಬಾವಿ ತೋರಿಸಿದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಇಲ್ಲೇ. ಬರುವ ಜನಕ್ಕೆ ನೀರು ಬೇಕು ಎಂದು ಆಗ ತೋಡಿದ ಬಾವಿ ಇದು. ಇವತ್ತಿಗೂ ಇದೆ. ಹುಡುಗರು ಬಾಗಿ ನೀರು ನೋಡಿದರು. ನಾನು ಭಾಷಣ ಮಾಡಲಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ನಾವು ಕಡಿದ ಕಂಟಿ, ಇವರು ತೋಡಿದ ಬಾವಿ ಎರಡೂ ಅಕ್ಕಪಕ್ಕ ಬಂದು ನಿಂತವು.

ಖಾನಾಪುರದ ಆ ಊರಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿಲ್ಲದ ಮಕ್ಕಳು ಮೊದಲನೇ ದಿನ ಗುಂಪು ಬಿಟ್ಟು ಕದಲಲಿಲ್ಲ. ಅವರನ್ನು ಮನೆಗಳಿಗೆ ಕರೆದುಕೊಂಡು ಹೋದವರು ನಮ್ಮ ಉರ್ದು, ಲಂಬಾಣಿ ಮನೆಯ ಮಕ್ಕಳು. “ನೀರಿಗೆ ಅವರೂ ಪಾಣಿ ಅಂತಾರ, ನಾವೂ ಪಾಣಿ ಅಂತೀವಿ” ಎಂದು ಒಬ್ಬ ಲಂಬಾಣಿ ಹುಡುಗಿ ಎಲ್ಲರ ಮುಂದೆ ಹೇಳಿದಳು. ಕಾಲೇಜಿನಲ್ಲಿ ಹಿಂದೆ ಕೂರುತ್ತಿದ್ದವರು ಆ ವಾರ ಮುಂದೆ ನಡೆದರು. ಮುಂದೆ ಕೂರುತ್ತಿದ್ದವರು ಅವರ ಹಿಂದೆ ನಡೆದು ‘ಇದಕ್ಕೇನಂತಾರ, ಅದಕ್ಕೇನಂತಾರ’ ಎಂದು ಕೇಳುತ್ತಿದ್ದರು.

ಹುನಗುಂದ ಕಡೆಯ ಒಬ್ಬಳು ಹುಡುಗಿ ಒಂದು ಮನೆಯ ಆಜಿಯ ಜೊತೆ ಬಹಳ ಹೊಂದಿಕೊಂಡಳು. ಒಬ್ಬರ ಮಾತು ಒಬ್ಬರಿಗೆ ಅರ್ಧಂಬರ್ಧ. ನಡುವೆ ಒಂದು ದಿನ ನಾವು ಕಣಕುಂಬಿಗೆ ಹೋಗಿದ್ದೆವು. ಮಲಪ್ರಭೆ ಹುಟ್ಟುವುದು ಅಲ್ಲಿ. ಆ ಹುಡುಗಿ ಕೂಡಲಸಂಗಮದ ಹತ್ತಿರದವಳು. ಮಲಪ್ರಭೆ ಕೃಷ್ಣೆಯನ್ನು ಸೇರುವ ಜಾಗ ಅದು. ಅವಳು ನೀರು ಮುಟ್ಟಿ “ಇದ ಏನ್ರಿ ನಮ್ಮ ಹೊಳಿ? ಇಷ್ಟ ಸಣ್ಣದು?” ಎಂದಳು. ಸಂಜೆ ಆಜಿಯ ಅಂಗಳದಲ್ಲಿ ಇದ್ದಲಿನಿಂದ ಗೆರೆ ಎಳೆದು ತೋರಿಸಿದಳು. ಇಲ್ಲಿ ನೀವು, ಹೀಗೆ ಹೊಳಿ, ಸವದತ್ತಿ ಹತ್ತಿರ ಡ್ಯಾಮು, ಇಲ್ಲಿ ನಾವು. ಆಜಿಗೆ ನದಿಯ ಹುಟ್ಟು ಗೊತ್ತಿತ್ತು, ಅದು ಎಲ್ಲಿ ಮುಗಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಆಕೆ ಆ ಗೆರೆಯ ಮೇಲೆ ಬೆರಳು ಆಡಿಸುತ್ತ ಕೂತಳು. ಮರುದಿನ ಗುಡಿಸುವಾಗ ಅಷ್ಟು ಜಾಗ ಬಿಟ್ಟು ಗುಡಿಸಿದ್ದಳು.

ಈ ಜನವರಿಯಲ್ಲಿ ಅದೇ ತಾಂಡಾಕ್ಕೆ ಮತ್ತೆ ಹೋದೆವು. ಹಿಂದಿನ ಸೀಟಿನ ಹುಡುಗ ಈಗ ಸಿಂದಗಿ ಕಡೆ ಪ್ರೌಢಶಾಲೆಯಲ್ಲಿ ಮಾಸ್ತರ. ಎರಡು ದಿನ ರಜೆ ಹಾಕಿ ಬಂದಿದ್ದ. ಮಜ್ಜಿಗೆ ಕಳಿಸಿದ ಯಾಡಿ ತೀರಿಕೊಂಡಿದ್ದಾಳೆ. ಅರ್ಧಕ್ಕರ್ಧ ಮನೆಗಳಿಗೆ ಬೀಗ, ಕಬ್ಬು ಕಡಿಯಲು ಹೋಗಿದ್ದಾರೆ. ಜಾಲಿ ಮತ್ತೆ ಆಳೆತ್ತರ ಬೆಳೆದಿದೆ. ಯಾರೂ ಮುಟ್ಟಲಿಲ್ಲ.

ಮೊದಲನೇ ದಿನ ಅವನು ಹೆಣ್ಣುಮಕ್ಕಳ ಜೊತೆ ಒಂದು ತಾಸು ಕೂತು ಮಾತಾಡಿದ. ನಮ್ಮ 50 ಮಕ್ಕಳು ಸುತ್ತ ಕೂತು, ತಿಳಿಯದಿದ್ದರೂ ಕೇಳಿದರು. ಕೊನೆಗೆ ಅವನು ತಿರುಗಿ ಕನ್ನಡದಲ್ಲಿ ಹೇಳಿದ: “ನಲ್ಲಿ ಮನಿ ಮುಂದ ಬಂದದ. ಸಂಡಾಸ ಹಿತ್ತಲದಾಗ ಅದ. ನಡುವ ಪೈಪು ಇಲ್ಲ. ಇದ್ದವರು ಅರ್ಧ ಮಂದಿ ಮುದುಕರು, ಕೊಡ ಹೊರಾಕ ಆಗೂದಿಲ್ಲ. ಪೈಪ್ ಎಳದು ಕೊಡ್ರಿ ಅಂತಾರ. ಬೀಗ ಹಾಕಿದ ಮನೀಗೂ ಎಳೀಬೇಕಂತ, ಅವರು ಯುಗಾದಿಗೆ ಬರ್ತಾರ.”

ಉಳಿದ ಆರು ದಿನ ಹುಡುಗರು ಕಾಲುವೆ ತೋಡಿದರು. ಕಪ್ಪು ಮಣ್ಣು, ಒಣಗಿ ಕಲ್ಲಾಗಿತ್ತು. ಪೈಪು, ಸೊಲ್ಯೂಷನ್, ನಲ್ಲಿ ಕಾಕಿಗೆ ಸ್ಟಾಫ್ ರೂಮಿನಲ್ಲಿ ವಂತಿಗೆ ಪಟ್ಟಿ ಹಾಕಿದೆವು. ಜೋಡಿಸುವುದನ್ನು ಕಲಿಸಿದ್ದು ಗೋವಾದಲ್ಲಿ ಪ್ಲಂಬರ್ ಕೆಲಸ ಮಾಡಿ ಬಂದ ತಾಂಡಾದ ಒಬ್ಬ ತಮ್ಮ. 19 ಮನೆಗಳಿಗೆ ನೀರು ಹೋಯಿತು. ಇನ್ನು 4 ಉಳಿದಿವೆ. ಬರುವ ರವಿವಾರ ಹೋಗುತ್ತೇವೆ ಎಂದು ಹುಡುಗರೇ ಹೇಳಿ ಬಂದಿದ್ದಾರೆ. ಬಸ್ಸು ಇನ್ನೂ ಗೊತ್ತಾಗಿಲ್ಲ. ನಾಳೆ ಡಿಪೋಗೆ ಹೋಗಿ ಕೇಳಬೇಕು.